ವಿಲಾಯ್ತಿ ನಾಲಿಗಿ, ಜವಾರಿ ಮಾತು

ಕಳೆದ ದೀಪಾವಳಿಗೆ ನಮ್ಮಕ್ಕನ ಮಗ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಿಂದ ರಾಣೆಬೆನ್ನೂರಿಗೆ ಬಂದಿದ್ದ. ಜೊತೆಗೆ ಹೆಂಡತಿ, ಆರು ವರ್ಷದ ಮಗಳು. ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಮಗ್ಗುಲ ಮನೆಯ ಹುಡುಗ ಚಹಾದ ಕಪ್ಪು ತಂದು ಕೈಗೆ ಕೊಟ್ಟ. ಅಳಿಯ ಕಪ್ಪು ತಗೊಂಡವನೇ ‘ಚಿಯರ್ಸ್’ ಅಂದ. ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ನಮ್ಮವ್ವನಿಗೆ ಕಿವಿ ಸ್ವಲ್ಪ ಮಂದ. ಕುಟ್ಟುವುದನ್ನು ನಿಲ್ಲಿಸಿ, ‘ಚೇರ್ ಮ್ಯಾಲ ಕುಂತಾನಲ್ಲ, ಇನ್ನೊಂದು ಚೇರ್ ಯಾಕ ಬೇಕಂತ ಅವಂಗ?’ ಅಂದಳು.

ನಕ್ಕು ಸುಸ್ತಾದ ಮೇಲೆ ಅಳಿಯ ಬಿಡಿಸಿ ಹೇಳಿದ. ನಾವು ಸಿನಿಮಾದಲ್ಲಿ ಗ್ಲಾಸಿಗೆ ಗ್ಲಾಸು ತಾಗಿಸುವಾಗ ಮಾತ್ರ ಕೇಳುವ ಆ ಮಾತು ಇಂಗ್ಲೆಂಡಿನಲ್ಲಿ ಬಸ್ಸಿನ ಡ್ರೈವರಿಗೆ, ಬಾಗಿಲು ಹಿಡಿದು ನಿಂತವರಿಗೆ, ಚಹಾ ಕೊಟ್ಟವರಿಗೆ ಹೇಳುವ ‘ಉಪಕಾರ ಆತು’ ಅನ್ನುವ ಮಾತಂತೆ. ಹೋದ ಹೊಸದರಲ್ಲಿ ಅವನಿಗೂ ಅದು ವಿಚಿತ್ರ ಅನ್ನಿಸಿತ್ತು. ಈಗ ಬಾಯಿಂದ ತಾನೇ ಬೀಳುತ್ತದೆ. ‘ಏನೂ ಇಲ್ಲ’ ಅನ್ನಲು ಅಲ್ಲಿಯ ಯಾರ್ಕ್‌ಷೈರ್ ಸೀಮೆಯವರು ಹೇಳುವ ‘ನೌಟ್’ ಕೂಡ ಅವನ ಇಂಗ್ಲಿಷಿಗೆ ಬಂದು ಸೇರಿದೆ.

ಆದರೆ ನಮ್ಮ ಮನೆಯವರಿಗೆ ಬೆರಗು ಹುಟ್ಟಿಸಿದ್ದು ಅವನ ಇಂಗ್ಲಿಷಲ್ಲ, ಕನ್ನಡ. ಹದಿನಾಲ್ಕು ವರ್ಷದ ಹಿಂದೆ ಊರು ಬಿಟ್ಟಾಗ ಹೇಗೆ ಮಾತಾಡುತ್ತಿದ್ದನೋ ಹಾಗೇ ಮಾತಾಡುತ್ತಾನೆ. ‘ಬರಾಕತ್ತೀನಿ’, ‘ಹೋಗೂಣು’, ‘ಹೌದಲೇ’ ಎಲ್ಲ ಉಪ್ಪಿನಕಾಯಿ ಭರಣಿಯೊಳಗಿಟ್ಟಂತೆ ಇವೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನನ್ನ ಮಗನೋ ಟಿವಿ, ಮೊಬೈಲು ನೋಡಿ ‘ಬರ್ತಾ ಇದೀನಿ ಬ್ರೋ’ ಅನ್ನುತ್ತಾನೆ. ಅವ್ವ ಇಬ್ಬರನ್ನೂ ಕೇಳಿ ತೀರ್ಪು ಕೊಟ್ಟಳು: ‘ಲಂಡನ್ನಾಂವ ನಮ್ಮಾಂವ ಆಗೇ ಅದಾನ, ಮನ್ಯಾಗಿನಾಂವ ಬೆಂಗಳೂರಾಂವ ಆಗ್ಯಾನ.’

ಪರದೇಶಕ್ಕೆ ಹೋದವನ ಮಾತು ಬದಲಾಗುತ್ತದೆ ಅಂತ ನಾವೆಲ್ಲ ತಿಳಿದಿದ್ದೇವೆ. ಹೇಗೆ ಬದಲಾಗುತ್ತದೆ, ಎಲ್ಲಿ ಬದಲಾಗುವುದಿಲ್ಲ ಎಂದು ನೋಡಬೇಕಾದರೆ ಲೀಡ್ಸಿಗೆ ಹೋಗಬೇಕಾಗಿಲ್ಲ. ಲೀಡ್ಸಿನ ಕಡೆಯವರೇ ಒಂದು ಶತಮಾನಕ್ಕೂ ಹೆಚ್ಚು ಕಾಲ ಅಂದಿನ ನಮ್ಮ ಧಾರವಾಡ ಜಿಲ್ಲೆಗೆ ಬಂದು ಬದುಕಿದ್ದರು. ಅವರ ಇಂಗ್ಲಿಷ್ ಇಲ್ಲಿ ಏನಾಯಿತು ಎನ್ನುವುದಕ್ಕೆ ಲೆಕ್ಕಪತ್ರ ಇದೆ.

ರಾನಿ ಬೆಡ್ನೋರ್

1800ನೇ ಇಸವಿಯ ಜೂನ್ ತಿಂಗಳು. ಶ್ರೀರಂಗಪಟ್ಟಣ ಬಿದ್ದು ಒಂದು ವರ್ಷ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡ ಚನ್ನಗಿರಿಯ ಧೋಂಡಿಯಾ ವಾಘ ಸೈನ್ಯ ಕಟ್ಟಿ ತುಂಗಭದ್ರೆಯ ಎರಡೂ ದಡದಲ್ಲಿ ಓಡಾಡುತ್ತಿದ್ದ. ಅವನ ಬೆನ್ನು ಹತ್ತಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ದಂಡು ಹೊಳೆ ದಾಟಿ ನಮ್ಮ ಊರ ಮುಂದೆ ಬಂದಾಗ ಕೋಟೆಯೊಳಗಿನವರು ಗುಂಡು ಹಾರಿಸಿದರು. ವೆಲ್ಲೆಸ್ಲಿ ಏಣಿ ಹಚ್ಚಿಸಿ ಕೋಟೆ ಹತ್ತಿಸಿದ. ಅದೇ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯಾ ಸತ್ತ. ಹದಿನೈದು ವರ್ಷದ ಮೇಲೆ ಇದೇ ವೆಲ್ಲೆಸ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ.

ಆ ದಿನಗಳ ಅವನ ಕಾಗದಪತ್ರಗಳಲ್ಲಿ ನಮ್ಮ ಊರಿನ ಹೆಸರು ರಾಣೆಬೆನ್ನೂರು ಅಲ್ಲ, ‘ರಾನಿ ಬೆಡ್ನೋರ್’. ಹೈದರನ ಕಾಲದಿಂದ ಇಂಗ್ಲಿಷರ ಕಿವಿಗೆ ಬಿದ್ದಿದ್ದ ದೊಡ್ಡ ಹೆಸರು ಕೆಳದಿ ಅರಸರ ಬಿದನೂರು. ಅದನ್ನು ಅವರು ಬೆಡ್ನೋರ್ ಅನ್ನುತ್ತಿದ್ದರು. ಬೆನ್ನೂರು ಅಂತ ಯಾರೋ ಅಂದಾಗ ಮೊದಲೇ ಗೊತ್ತಿದ್ದ ಬೆಡ್ನೋರ್ ಕೇಳಿಸಿರಬೇಕು. ನಮ್ಮವ್ವನಿಗೆ ಚಿಯರ್ಸ್ ‘ಚೇರ್’ ಆದ ಹಾಗೆ.

ಕಿವಿ ಹೀಗೆಯೇ ಕೆಲಸ ಮಾಡುತ್ತದೆ. ತನ್ನ ಹತ್ತಿರ ಇಲ್ಲದ ಉಲಿಯನ್ನು ಇದ್ದದ್ದರಲ್ಲಿ ಹತ್ತಿರದ್ದಕ್ಕೆ ತಿರುಗಿಸಿಕೊಳ್ಳುತ್ತದೆ. ನಾಲಿಗೆ ಹಿಂದೆ ಮಡಚಿ ಹೇಳುವ ನಮ್ಮ ‘ಡ’ ಯುರೋಪಿನವರಿಗೆ ‘ರ’ ಎಂದು ಕೇಳಿಸಿತು. ಧಾರವಾಡ ‘ಧಾರ್ವಾರ್’ ಆಯಿತು, ಕೊಡಗು ‘ಕೂರ್ಗ್’ ಆಯಿತು, ಕನ್ನಡ ‘ಕೆನರೀಸ್’ ಆಯಿತು. ಇದು ಏಕಮುಖವೂ ಅಲ್ಲ. ನಮ್ಮ ಹಿರಿಯರು ‘ಸ್ಟೇಷನ್’ ಅನ್ನು ‘ಟೇಸನ್’ ಮಾಡಿ ಬಡ್ಡಿ ಸಮೇತ ತೀರಿಸಿದ್ದಾರೆ.

ಹಾಬ್ಸನ್-ಜಾಬ್ಸನ್ ಎಂಬ ದೊಡ್ಡ ನಿಘಂಟಿನ ಹೆಸರೇ ಇಂಥ ಒಂದು ಕಿವಿತಪ್ಪು. ಮೊಹರಂ ಮೆರವಣಿಗೆಯಲ್ಲಿ ಜನ ಎದೆ ಬಡಿದುಕೊಂಡು ‘ಯಾ ಹಸನ್, ಯಾ ಹುಸೇನ್’ ಎಂದು ಕೂಗುವುದನ್ನು ಕೇಳಿದ ಇಂಗ್ಲಿಷ್ ಸಿಪಾಯಿಗಳಿಗೆ ಅದು ತಮ್ಮ ಕಡೆಯ ಎರಡು ಅಡ್ಡಹೆಸರುಗಳಂತೆ ಕೇಳಿಸಿತು. ಹಿಂದೂಸ್ತಾನದಲ್ಲಿ ನೆಲೆಸಿದ ಇಂಗ್ಲಿಷರ ಇಂಗ್ಲಿಷಿಗೆ ಅಂತಲೇ ಮಾಡಿದ ಆ ನಿಘಂಟು ಹೊರಬಂದದ್ದು 1886ರಲ್ಲಿ. ಸಂಪಾದಕರು ಇಬ್ಬರು: ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು, ತುಳುನಾಡಿನ ಭೂತಾರಾಧನೆಯ ಬಗ್ಗೆ ಬರೆದವನು. ಪುಸ್ತಕ ನೋಡಲು ಅವನು ಉಳಿಯಲಿಲ್ಲ; 1882ರಲ್ಲೇ ತೀರಿಕೊಂಡ.

ಧಮಕಾವೋ, ಪಕಡಾವೋ

ಈ ನಿಘಂಟು ತೆರೆದರೆ ಎರಡು ಬಗೆಯ ಮಾತು ಸಿಗುತ್ತವೆ. ಮೊದಲನೆಯವು ವಸ್ತುಗಳು. ಇಂಗ್ಲೆಂಡಿನಲ್ಲಿ ಇಲ್ಲದ್ದಕ್ಕೆ ಇಲ್ಲಿಯ ಹೆಸರು. ನಮ್ಮ ಅಡಿಕೆ, ಮಲೆಯಾಳಿಗಳ ಅಡಕ್ಕ, ಪೋರ್ಚುಗೀಸರ ಬಾಯಿಂದ ಹಾದು ‘ಅರೆಕಾ’ ಆಗಿ ಇಂಗ್ಲಿಷಿಗೆ ಹೋಯಿತು. ಮಲಯ ದೇಶದ ‘ಕಂಪೊಂಗ್’ ಎಂಬ ಹಳ್ಳಿ ಇಂಗ್ಲಿಷರ ಬಾಯಲ್ಲಿ ‘ಕಂಪೌಂಡ್’ ಆಗಿ ಬಂಗಲೆಯ ಸುತ್ತಲಿನ ಬಯಲಾಯಿತು. ನಮ್ಮ ಬಾಯಿಗೆ ಬರುವಷ್ಟರಲ್ಲಿ ಬಯಲು ಹೋಗಿ ಸುತ್ತಲಿನ ಗೋಡೆಯೇ ಕಂಪೌಂಡ್ ಆಯಿತು. ಇಂಗ್ಲೆಂಡಿನಲ್ಲಿ ನೀರು ತುಂಬುವ ಪೆಟ್ಟಿಗೆಗೆ ಹೇಳುವ ‘ಟ್ಯಾಂಕ್’ ಇಲ್ಲಿಯ ಇಂಗ್ಲಿಷಿನಲ್ಲಿ ಕೆರೆಯ ಹೆಸರು. ಹಾವೇರಿಯ ಹೆಗ್ಗೇರಿಯಂಥ ಸಾಗರ ಕೂಡ ನೀರಾವರಿ ಕಚೇರಿಯ ಇಂಗ್ಲಿಷ್ ಕಡತದಲ್ಲಿ ಇಂದಿಗೂ ‘ಟ್ಯಾಂಕ್’. ಸಾಹೇಬರು ಹೋದರೂ ಇಲ್ಲಿ ಬದಲಾದ ಅವರ ಇಂಗ್ಲಿಷ್ ನಮ್ಮ ಹತ್ತಿರವೇ ಉಳಿದಿದೆ.

ಬಂಗಲೆಯ ಕತೆ ನಮ್ಮ ಮನೆಯಲ್ಲೇ ಆಯಿತು. ಬಂಗಾಳದ ಹುಲ್ಲುಮಾಡಿನ ಮನೆಯಿಂದ ಹುಟ್ಟಿದ ಆ ಪದ ಇಲ್ಲಿ ಸಾಹೇಬರ ಮನೆಯಾಗಿ, ಸಾಹುಕಾರರ ಮನೆಯಾಗಿ ಬೆಳೆಯಿತು. ಇಂಗ್ಲೆಂಡಿಗೆ ವಾಪಸು ಹೋದದ್ದು ಮಾತ್ರ ಮಹಡಿಯಿಲ್ಲದ ಸಣ್ಣ ಮನೆಯಾಗಿ. ಮೊಣಕಾಲು ನೋವಿನ ಮುದುಕರು ಹುಡುಕಿ ಕೊಳ್ಳುವಂಥದ್ದು. ಅಳಿಯ ಅಂಥದ್ದೊಂದು ಮನೆ ಕೊಂಡ ಸುದ್ದಿ ಬಂದಾಗ ಅವ್ವ ‘ಮೊಮ್ಮಗ ಲಂಡನ್ನಾಗ ಬಂಗ್ಲೆ ತಗೊಂಡಾನ’ ಅಂತ ಓಣಿಗೆಲ್ಲ ಪೇಢೆ ಹಂಚಿದ್ದಳು. ಸುಳ್ಳೇನೂ ಹೇಳಿರಲಿಲ್ಲ.

ಎರಡನೆಯ ಬಗೆಯ ಮಾತುಗಳಲ್ಲಿ ಸಾಹೇಬರ ಬದುಕು ಕಾಣುತ್ತದೆ. ಹಿಂದೂಸ್ತಾನಿಯಿಂದ ಅವರು ಎತ್ತಿಕೊಂಡ ಕ್ರಿಯಾಪದಗಳನ್ನು ನೋಡಿ: ಹೆದರಿಸು ಎನ್ನಲು ‘ಡಮ್‌ಕೌ’, ಹಿಡಿ ಎನ್ನಲು ‘ಪಕರೌ’, ಕತೆ ಕಟ್ಟು ಎನ್ನಲು ‘ಬನೌ’, ಪುಸಲಾಯಿಸು ಎನ್ನಲು ‘ಫೂಜ಼ಿಲೌ’. ಎಲ್ಲ ‘ಧಮಕಾವೋ’, ‘ಪಕಡಾವೋ’, ‘ಬನಾವೋ’ ಎನ್ನುವ ಅಪ್ಪಣೆಯ ರೂಪಗಳು. ಹೋಗುತ್ತಾನೆ, ಹೋಗಬಹುದೇ, ಹೋಗೋಣವೇ ಎಂಬ ರೂಪಗಳಲ್ಲಿ ಒಂದೂ ದಾಟಲಿಲ್ಲ. ಸಾಹೇಬ ದಿನವಿಡೀ ಆಡುತ್ತಿದ್ದದ್ದು ಅಪ್ಪಣೆ ಮಾತ್ರ. ಅದೇ ಅವನ ಇಂಗ್ಲಿಷಿಗೆ ಅಂಟಿಕೊಂಡಿತು. ಯಾವ ದೇಶದಲ್ಲಿ ಇದ್ದ ಎನ್ನುವುದು ಅವನ ಹೊಸ ನಾಮಪದಗಳಲ್ಲಿ ತಿಳಿಯುತ್ತದೆ. ಅಲ್ಲಿಯ ಜನರ ಜೊತೆ ಹೇಗಿದ್ದ ಎನ್ನುವುದಕ್ಕೆ ಕ್ರಿಯಾಪದ ಕೇಳಬೇಕು.

ತಂಪು ಅಂತ ತಿಂದ ಮೆಣಸಿನಕಾಯಿ

ಊರಿನಲ್ಲೇ ಉಳಿದವರಿಗೆ ಈ ಹೊರನಾಡಿನ ಇಂಗ್ಲಿಷ್ ಎಷ್ಟು ಅಪರಿಚಿತವಾಗಿತ್ತು ಎನ್ನುವುದಕ್ಕೆ ಒಂದು ಮೆಣಸಿನಕಾಯಿ ಸಾಕ್ಷಿ. ವಿಲಿಯಂ ಥ್ಯಾಕರೆಯ ‘ವ್ಯಾನಿಟಿ ಫೇರ್’ ಕಾದಂಬರಿ 1847-48ರಲ್ಲಿ ಕಂತುಗಳಲ್ಲಿ ಬಂತು. ಅದರಲ್ಲಿ ಕಂಪನಿ ಸರ್ಕಾರದ ಕಲೆಕ್ಟರನೊಬ್ಬ ರಜೆಯ ಮೇಲೆ ಲಂಡನ್ನಿಗೆ ಬಂದಿರುತ್ತಾನೆ. ಅವನನ್ನು ಮದುವೆಯಾಗುವ ಲೆಕ್ಕ ಹಾಕಿದ ಬೆಕಿ ಶಾರ್ಪ್ ಎಂಬ ಜಾಣೆ ಅವನಿಗೆ ಮೆಚ್ಚುಗೆಯಾಗಲೆಂದು ಖಾರದ ಸಾರು ತಿಂದು ಬಾಯಿ ಸುಟ್ಟುಕೊಳ್ಳುತ್ತಾಳೆ. ಆತ ‘ಚಿಲಿ’ ತಗೊಳ್ಳಿ ಅನ್ನುತ್ತಾನೆ. ಇಂಗ್ಲಿಷಿನಲ್ಲಿ ‘ಚಿಲಿ’ ಎಂದರೆ ತಣ್ಣಗಿನದು ಎಂದೂ ಕೇಳಿಸುತ್ತದೆ. ಹಸಿರಾಗಿ ಬೇರೆ ಇದೆ. ತಂಪು ಪದಾರ್ಥ ಇರಬೇಕೆಂದು ಬಾಯಿಗೆ ಹಾಕಿಕೊಂಡವಳು ನೀರು ನೀರು ಎಂದು ಬೊಬ್ಬೆ ಹಾಕುತ್ತಾಳೆ. ಒಂದೇ ಮೇಜು, ಒಂದೇ ಭಾಷೆ. ಕಲೆಕ್ಟರನ ಇಂಗ್ಲಿಷ್ ಅವಳಿಗೆ ಅರ್ಥವಾಗಲಿಲ್ಲ.

ಬರೆದವನಿಗೆ ಇದು ಕಟ್ಟುಕತೆಯಷ್ಟೇ ಆಗಿರಲಿಲ್ಲ. ಥ್ಯಾಕರೆ ಕಲ್ಕತ್ತದಲ್ಲಿ 1811ರಲ್ಲಿ ಹುಟ್ಟಿದವನು, ಐದನೇ ವರ್ಷಕ್ಕೆ ತಾಯಿಯನ್ನು ಬಿಟ್ಟು ಇಂಗ್ಲೆಂಡಿನ ಹಡಗು ಹತ್ತಿದವನು. ಅವನ ಚಿಕ್ಕಪ್ಪ ಸೇಂಟ್ ಜಾನ್ ಥ್ಯಾಕರೆ ನಮ್ಮ ಧಾರವಾಡದ ಕಲೆಕ್ಟರ್. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಚೆನ್ನಮ್ಮನ ದಂಡಿನ ಕೈಯಲ್ಲಿ ಸತ್ತವನು ಅವನೇ. ಕಿತ್ತೂರ ಲಾವಣಿಯಲ್ಲಿ ನಾವು ಕೇಳುವ ಥ್ಯಾಕರೆ ಮತ್ತು ಇಂಗ್ಲಿಷ್ ಎಂ.ಎ. ಓದುವವರು ಪರೀಕ್ಷೆಗೆ ಬಾಯಿಪಾಠ ಮಾಡುವ ಥ್ಯಾಕರೆ ಒಂದೇ ಮನೆತನದವರು.

ಬೆಕಿಗೆ ಕೊಟ್ಟದ್ದು ಬ್ಯಾಡಗಿ ಮೆಣಸಿನಕಾಯಿಯಾಗಿದ್ದರೆ ಇಷ್ಟು ಫಜೀತಿ ಆಗುತ್ತಿರಲಿಲ್ಲ ಎಂದು ನಮ್ಮ ಕಡೆಯವರಿಗೆ ಅನ್ನಿಸದೆ ಇರದು. ಸುಕ್ಕು ಸುಕ್ಕಿನ ಸಿಪ್ಪೆ, ಕಡುಗೆಂಪು ಬಣ್ಣ, ಹದವಾದ ಖಾರ. 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಪಡೆದ ಅದು ಈಗ ಅಡುಗೆಗಷ್ಟೇ ಅಲ್ಲ, ಬಣ್ಣ ತೆಗೆಯುವ ಕಾರ್ಖಾನೆಗಳಿಗೂ ಹೋಗಿ ತುಟಿಯ ಬಣ್ಣವಾಗಿಯೂ ಪರದೇಶ ಸುತ್ತುತ್ತದೆ. ಅಂದಹಾಗೆ ಅದೂ ಇಲ್ಲಿಯದಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ನಾವು ಮೆಕ್ಸಿಕೋದ ‘ಚಿಲಿ’ ಎಂಬ ಹೆಸರನ್ನು ಬಿಟ್ಟು, ನಮ್ಮ ಹಳೆಯ ಮೆಣಸಿಗೆ ‘ಕಾಯಿ’ ಸೇರಿಸಿ ಒಳಗೆ ಕರೆದುಕೊಂಡೆವು. ಇಂಗ್ಲಿಷರು ಅತಿಥಿಯ ಹೆಸರನ್ನು ಉಳಿಸಿಕೊಂಡರು, ನಾವು ಮನೆತನದ ಹೆಸರು ಕೊಟ್ಟೆವು.

ವಿಲಾಯ್ತಿ ಎಂಬ ಊರು

ರಾಣೆಬೆನ್ನೂರಿನ ಹಿರಿಯ ಹತ್ತಿ ವ್ಯಾಪಾರಸ್ಥರ ಬಾಯಲ್ಲಿ ಎರಡು ಮಾತು ಕೇಳಿದ್ದೇನೆ: ಜವಾರಿ ಹತ್ತಿ, ವಿಲಾಯ್ತಿ ಹತ್ತಿ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೀಜ ತಂದು ಧಾರವಾಡ ಜಿಲ್ಲೆಯ ಎರೆಹೊಲಗಳಲ್ಲಿ ಬಿತ್ತಿಸಿತು. ಮುಂಬೈ ಪ್ರಾಂತ್ಯದಲ್ಲಿ ಅದು ಚೆನ್ನಾಗಿ ಕೈಹಿಡಿದದ್ದು ಇಲ್ಲೇ. ಗರಗಸದ ಹಲ್ಲಿನ ಯಂತ್ರದಲ್ಲಿ ಬೀಜ ಬಿಡಿಸಿದ ಆ ಹತ್ತಿಗೆ ಲಿವರ್‌ಪೂಲಿನ ದಲಾಲರು ‘ಸಾ-ಜಿನ್ಡ್ ಧಾರ್ವಾರ್’ ಎಂದು ಹೆಸರಿಟ್ಟು ದರ ಕೂಗಿದರು. ನಮ್ಮ ಜವಾರಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿದ್ದದ್ದರಿಂದ ಅದರ ಹೆಸರು ‘ಕಂಪ್ಟಾ’. ಬೆಳೆದ ಊರಿನ ಹೆಸರು ಅದಕ್ಕೆ ಸಿಗಲಿಲ್ಲ, ಹಡಗು ಹತ್ತಿದ ಊರಿನ ಹೆಸರು ಸಿಕ್ಕಿತು. ಧಾರವಾಡವನ್ನು ಎಂದೂ ನೋಡದ ಲಿವರ್‌ಪೂಲಿನವನ ಇಂಗ್ಲಿಷಿನಲ್ಲಿ ಹೀಗೆ ಧಾರವಾಡ ಒಂದು ಊರಾಗದೆ ಹತ್ತಿಯ ದರ್ಜೆಯಾಯಿತು.

ಇಲ್ಲಿದ್ದ ಇಂಗ್ಲಿಷರೂ ಜವಾರಿ-ವಿಲಾಯ್ತಿಯ ಗೆರೆಯನ್ನು ತಮ್ಮ ಮಾತಿನಲ್ಲಿ ಎಳೆದುಕೊಂಡಿದ್ದರು. ಇಲ್ಲಿಯದಕ್ಕೆಲ್ಲ ‘ಕಂಟ್ರಿ’, ಅಲ್ಲಿಯದಕ್ಕೆಲ್ಲ ‘ಯುರೋಪ್’. ಒಳ್ಳೆಯ ಸಾಮಾನು ಸಿಗುವ ಅಂಗಡಿ ‘ಯುರೋಪ್ ಶಾಪ್’. ಇಂಗ್ಲೆಂಡಿನಲ್ಲಿ ಇದ್ದವನಿಗೆ ಈ ಮಾತು ಬೇಕಾಗಿರಲಿಲ್ಲ. ಊರು ಬಿಟ್ಟ ಮೇಲೆಯೇ ಊರಿನದಕ್ಕೆ ಬೇರೆ ಹೆಸರು ಬೇಕಾಗುವುದು.

ಈ ವಿಲಾಯ್ತಿ ಪದದ ಹಣೆಬರಹ ಎಲ್ಲಕ್ಕಿಂತ ವಿಚಿತ್ರ. ಅರಬ್ಬಿಯ ‘ವಿಲಾಯತ್’ ಎಂದರೆ ಆಡಳಿತಕ್ಕೆ ಒಳಪಟ್ಟ ನಾಡು. ಹಿಂದೂಸ್ತಾನದಲ್ಲಿ ಅದು ಪರದೇಶ, ಆಮೇಲೆ ಇಂಗ್ಲೆಂಡು. ಇಲ್ಲಿಯವರು ‘ವಿಲಾಯತಿ’, ‘ಬಿಲಾಯತಿ’ ಅನ್ನುವುದನ್ನು ಬ್ರಿಟಿಷ್ ಸಿಪಾಯಿಗಳು ಕೇಳಿದರು, ನಾಲಿಗೆಗೆ ಬಂದಂತೆ ತಿರುಗಿಸಿ ‘ಬ್ಲೈಟಿ’ ಅಂದರು. 1914ರ ಮಹಾಯುದ್ಧ ಬಂದಾಗ ಆ ಪದ ಫ್ರಾನ್ಸಿನ ಕಂದಕಗಳಿಗೆ ಹೋಯಿತು. ಜೀವ ತೆಗೆಯದೆ ಊರಿಗೆ ಕಳಿಸುವಷ್ಟು ಗಾಯವಾದರೆ ‘ಬ್ಲೈಟಿ ಗಾಯ’ ಎಂದು ಹಿಗ್ಗುತ್ತಿದ್ದರು. ಅವರ ಊರನ್ನು ನಾವು ಪರದೇಶ ಎಂದು ಕರೆದ ಮಾತೇ ಅವರ ಬಾಯಲ್ಲಿ ತವರಿಗೆ ಮುದ್ದಿನ ಹೆಸರಾಯಿತು. ಬಹಳ ಕಾಲ ಹೊರಗಿದ್ದವನು ತನ್ನ ಊರನ್ನೂ ಹೊರಗಿನವರ ಕಣ್ಣಿಂದ ನೋಡಲು ಕಲಿಯುತ್ತಾನೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಕೂತು ಕೇಳಿದವರು

ಅಪ್ಪಣೆಯ ಮಾತಿನಾಚೆ ಹೋದವರೂ ಇದ್ದರು. ಕಿತ್ತೂರಿನಲ್ಲಿ ಥ್ಯಾಕರೆ ಸತ್ತ ದಿನ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಆಗ ಅವನಿಗೆ 21 ವರ್ಷ. ಬಿಡುಗಡೆಯಾದ ಮೇಲೆ ಈ ನಾಡಿನ ಮೇಲೆ ಮುನಿಸಿಕೊಳ್ಳಲಿಲ್ಲ. 1833ರವರೆಗೆ ಇಲ್ಲೇ ಇದ್ದು ಊರೂರು ಅಲೆದು ಕಲ್ಲಿನ ಮೇಲಿನ ಕನ್ನಡವನ್ನು ನಕಲು ಮಾಡಿಸಿದ. ಅವನ ಸಂಗ್ರಹದಲ್ಲಿ 595 ಶಾಸನಗಳಿದ್ದವು. ಮುಪ್ಪಿನಲ್ಲಿ ಸ್ಕಾಟ್ಲೆಂಡಿನ ತನ್ನ ಮನೆಯಲ್ಲಿ ಕಣ್ಣು ಕಳೆದುಕೊಂಡಿದ್ದ. 1887ರಲ್ಲಿ ಸಾಯುವ ದಿನ ಬೆಳಿಗ್ಗೆ ಬೇರೆಯವರ ಕೈಲಿ ಬರೆಸಿದ ಕಾಗದ ತಿರುಕ್ಕುರಳ್ ಕುರಿತದ್ದು, ತಮಿಳು ವಿದ್ವಾಂಸ ಪೋಪ್‌ಗೆ.

ಇನ್ನೊಬ್ಬ ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಬಂದವನು, ನಮ್ಮ ಸೀಮೆಯ ಶಾಲೆಗಳ ಇನ್ಸ್‌ಪೆಕ್ಟರ್ ಆಗಿದ್ದವನು. ಹಾನಗಲ್ಲ ಕದಂಬರು, ಗುತ್ತಲದ ಗುತ್ತರು ಎಂದು ನಾವು ಇಂದು ಶಾಲೆಯಲ್ಲಿ ಓದುವ ಚರಿತ್ರೆಯ ಎಳೆಗಳನ್ನು ಶಾಸನಗಳಿಂದ ಬಿಡಿಸಿ ಜೋಡಿಸಿದವನು. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಅವನು ಲಾವಣಿ ಹಾಡುವವರ ಮುಂದೆ ಕೂತದ್ದು. ಸಂಗೊಳ್ಳಿ ರಾಯಣ್ಣನ ಬಂಡಾಯ, ಹಲಗಲಿ ಬೇಡರ ದಂಗೆ, ಬೈಲಹೊಂಗಲದ ಸಂಗ್ಯಾನ ಕೊಲೆಯ ಹಾಡುಗಳನ್ನು ಬರೆದುಕೊಂಡು ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ 1885ರಿಂದ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದ. ತನ್ನ ಸರ್ಕಾರವನ್ನು ಬೈಯುವ ಹಾಡನ್ನು ಸರ್ಕಾರದ ಅಧಿಕಾರಿಯೇ ಬರೆದುಕೊಳ್ಳುತ್ತಿದ್ದ. ಅಪ್ಪಣೆ ಕೊಟ್ಟರೆ ಅಂಥ ಹಾಡು ಬರುವುದಿಲ್ಲ. ಬಾಯಿ ಮುಚ್ಚಿ ಕೂತರೆ ಬರುತ್ತದೆ. ಎಲಿಯಟ್, ಫ್ಲೀಟರನ್ನು ಹೊಗಳಿ ಉಳಿದವರ ದಬ್ಬಾಳಿಕೆಯನ್ನು ಮರೆಸಲು ಈ ಮಾತಲ್ಲ. ಒಂದೇ ಜಿಲ್ಲೆಯಲ್ಲಿ, ಒಂದೇ ಸಂಬಳ ತಿಂದವರಲ್ಲಿ ಒಬ್ಬರ ನಾಲಿಗೆಗೆ ‘ಧಮಕಾವೋ’ ಅಂಟಿತು, ಇನ್ನೊಬ್ಬರಿಗೆ ರಾಯಣ್ಣನ ಹಾಡು ಸಿಕ್ಕಿತು.

ಮಕ್ಕಳ ಬಾಯಿ ತೊಳೆದದ್ದು

ತಮ್ಮ ಮಾತು ಬದಲಾಗುವುದನ್ನು ಸಾಹೇಬರು ಸಹಿಸಿಕೊಂಡರು. ಮಕ್ಕಳ ವಿಷಯದಲ್ಲಿ ಮಾತ್ರ ಹೆದರಿದರು. ಇಲ್ಲೇ ಬೆಳೆದವರ ಇಂಗ್ಲಿಷಿನ ರಾಗಕ್ಕೆ ‘ಚೀ-ಚೀ’ ಎಂದು ಹೀಯಾಳಿಸುವ ಹೆಸರಿಟ್ಟಿದ್ದರು. ಆ ರಾಗ ಹತ್ತೀತೆಂಬ ಅಂಜಿಕೆಗೆ, ಹವೆಯ ಅಂಜಿಕೆಗೆ, ಐದಾರು ವರ್ಷದ ಮಕ್ಕಳನ್ನು ಹಡಗು ಹತ್ತಿಸುತ್ತಿದ್ದರು. ಮುಂಬೈಯಲ್ಲಿ 1865ರಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ ತನ್ನ ಬಾಲ್ಯ ನೆನೆಯುತ್ತ ಹೇಳುವುದು ಇದನ್ನೇ: ಆಯಾಳ ಮಡಿಲಿನಲ್ಲಿ ಕತೆ ಕೇಳಿ, ಊಟದ ಮನೆಗೆ ಹೋಗುವಾಗ ‘ಅಪ್ಪ ಅಮ್ಮನ ಜೊತೆ ಇಂಗ್ಲಿಷ್ ಮಾತಾಡು’ ಎಂಬ ಎಚ್ಚರಿಕೆ ಹೊತ್ತು ಹೋಗುತ್ತಿದ್ದ. ಕನಸು ಬೀಳುತ್ತಿದ್ದ ಭಾಷೆಯಿಂದ ತಡವರಿಸುತ್ತ ಇಂಗ್ಲಿಷಿಗೆ ತರ್ಜುಮೆ ಮಾಡುತ್ತಿದ್ದ. ಆರನೇ ವರ್ಷಕ್ಕೆ ಅವನೂ ಇಂಗ್ಲೆಂಡಿನಲ್ಲಿ ಅಪರಿಚಿತರ ಮನೆ ಸೇರಿದ.

ಪಿಂಚಣಿ ಪಡೆದು ಮರಳಿದ ಹಿರಿಯರ ಪಾಡೂ ಬೇರೆಯಲ್ಲ. ಚೆಲ್ಟನಮ್ಮಿನಂಥ ಊರುಗಳಲ್ಲಿ ಅವರೇ ಒಂದು ಓಣಿ ಮಾಡಿಕೊಂಡು ಕೂತರು. ಇಲ್ಲಿರುವಷ್ಟು ದಿನ ಇಂಗ್ಲೆಂಡನ್ನು ‘ಹೋಮ್’ ಅಂದರು. ಮನೆಗೆ ಹೋಗಿ ನೋಡಿದರೆ ಅವರು ಎದೆಯಲ್ಲಿ ಇಟ್ಟುಕೊಂಡ ಊರು ಮೂವತ್ತು ವರ್ಷ ಹಿಂದಿನದು, ಕಣ್ಣ ಮುಂದಿನದು ಬೇರೆ. ಅವರ ಟಿಫಿನ್, ಅವರ ಪಕ್ಕಾ, ಅವರ ಚಿಟ್ಟಿ ಕೇಳಿ ಮೊಮ್ಮಕ್ಕಳು ನಗುತ್ತಿದ್ದರು. ಅಳಿಯನ ‘ಬರಾಕತ್ತೀನಿ’ ಕೇಳಿ ನನ್ನ ಮಗ ಮುಸಿಮುಸಿ ನಕ್ಕ ಹಾಗೆ.

ಹನ್ನೊಂದು ಜನ, ಒಂದು ಚಳಿಗಾಲ

ಪದಗಳು ಬದಲಾಗುವುದು ಸರಿ, ಉಚ್ಚಾರವೇ ಬದಲಾಗುತ್ತದೆಯೇ? ಇದನ್ನು ಅಳೆದವರಿದ್ದಾರೆ. ಅಂಟಾರ್ಕ್ಟಿಕಾದಲ್ಲಿ ಬ್ರಿಟನ್ನಿನ ಒಂದು ನೆಲೆಯಿದೆ, ರೊಥೆರಾ ಎಂದು. ಚಳಿಗಾಲ ಹಿಡಿದರೆ ತಿಂಗಳುಗಟ್ಟಲೆ ಅಲ್ಲಿಗೆ ಬರುವವರಿಲ್ಲ, ಅಲ್ಲಿಂದ ಹೋಗುವವರಿಲ್ಲ. ಅಲ್ಲಿ ಚಳಿಗಾಲ ಕಳೆಯಲು ಹೊರಟ 11 ಮಂದಿಯ ಮಾತನ್ನು ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾಲಯದ ಜೊನಾಥನ್ ಹ್ಯಾರಿಂಗ್ಟನ್ ತಂಡ ಹೋಗುವ ಮೊದಲೊಮ್ಮೆ, ಅಲ್ಲಿದ್ದಾಗ ಹಲವು ಸಲ ಧ್ವನಿಮುದ್ರಿಸಿತು. ಹೆಚ್ಚಿನವರು ಇಂಗ್ಲೆಂಡಿನ ಬೇರೆ ಬೇರೆ ಕಡೆಯವರು. 2019ರಲ್ಲಿ ಪ್ರಕಟವಾದ ಫಲಿತಾಂಶ: ಕೆಲವು ಸ್ವರಗಳು ಒಬ್ಬರದು ಇನ್ನೊಬ್ಬರದಕ್ಕೆ ಸ್ವಲ್ಪ ಹತ್ತಿರ ಬಂದಿದ್ದವು. ‘ಫ್ಲೋ’ ಎನ್ನುವಾಗಿನ ‘ಓ’ ಬಾಯಿಯಲ್ಲಿ ಕೂದಲೆಳೆಯಷ್ಟು ಮುಂದಕ್ಕೆ ಸರಿದಿತ್ತು. ಕಿವಿಗೆ ಹೊಳೆಯದಷ್ಟು ಸಣ್ಣ ಬದಲಾವಣೆ. ಆದರೆ ಯಾರೂ ಬೇಕೆಂದು ಮಾಡಿದ್ದಲ್ಲ, ಮಾಡಿದ್ದು ಯಾರಿಗೂ ಗೊತ್ತಾಗಿರಲಿಲ್ಲ.

ದಿನಾ ಮಾತಾಡುವವರ ಕಡೆಗೆ ನಾಲಿಗೆ ವಾಲುತ್ತದೆ. ಗುಳೆ ಹೋದ ಎಲ್ಲರಿಗೂ ಇದು ಅನುಭವ. ಮೊದಲು ಬರುವುದು ಪೇಟೆಯ ಪದಗಳು, ಕಚೇರಿಯ ಪದಗಳು. ಸ್ಪೇನಿನಲ್ಲಿ ನೆಲೆಸಿದ ಬ್ರಿಟಿಷರು ಸರ್ಕಾರಿ ಕಾಗದಪತ್ರ ಓಡಾಡಿ ಮಾಡಿಸಿಕೊಡುವವನಿಗೆ ಅಲ್ಲಿಯ ‘ಹೆಸ್ತೋರ್’ ಎಂಬ ಪದವನ್ನೇ ಬಳಸುತ್ತಾರೆ; ಅಂಥ ಮನುಷ್ಯ ಅವರ ದೇಶದಲ್ಲಿಲ್ಲ, ನಮ್ಮ ತಾಲ್ಲೂಕು ಕಚೇರಿ ಮುಂದೆ ಬೇಕಾದಷ್ಟು ಇದ್ದಾರೆ. ದುಬೈಯಲ್ಲಿರುವವರ ಇಂಗ್ಲಿಷಿಗೆ ‘ಯಲ್ಲಾ’ ಬಂದು ಸೇರುತ್ತದೆ. ಉಲಿ ಬದಲಾಗುವುದು ಎಲ್ಲಕ್ಕಿಂತ ತಡ. ದೊಡ್ಡವರಾದ ಮೇಲೆ ಹೋದವರಲ್ಲಂತೂ ಪೂರ್ತಿ ಬದಲಾಗುವುದು ಅಪರೂಪ.

ಇದರ ಹಿಮ್ಮೊಗ ಪಯಣಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಹೆಸರಿದೆ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದು 1938ರಲ್ಲಿ ಮರಳಿದರು. ಆಮೇಲೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ಅಷ್ಟು ಇಂಗ್ಲಿಷ್ ಬದಲಿಸಿದ್ದು ಅವರ ಕನ್ನಡವನ್ನು. ಹಡಗಿನ ಮೇಲೆ ಕಂಡ ಕಡಲನ್ನು ಹಳೆಯ ಛಂದಸ್ಸಿನಲ್ಲಿ ಹಿಡಿಯಲಾಗದೆ ‘ಸಮುದ್ರ ಗೀತೆಗಳು’ ಸಂಕಲನದಲ್ಲಿ ಮುಕ್ತಛಂದಕ್ಕೆ ಕೈಹಾಕಿದರು. ನವ್ಯಕಾವ್ಯದ ದಾರಿ ಹೀಗೆ ಸವಣೂರಿನವರೊಬ್ಬರ ಸಮುದ್ರಯಾನದ ಮೇಲಿಂದ ಹೋಗುತ್ತದೆ. ಇಂಗ್ಲಿಷಿನ ಆ ಪ್ರೊಫೆಸರರ ಹೆಸರೇ 1981ರಲ್ಲಿ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ವರದಿಗೆ ನಿಂತಿತು.

ಬಾ, ಕೂಡು, ಉಣ್ಣು

ಅಳಿಯನ ಮಗಳ ಕತೆ ಹೇಳುವುದು ಉಳಿದಿದೆ. ಲೀಡ್ಸಿನಲ್ಲೇ ಹುಟ್ಟಿದ ಹುಡುಗಿ. ಪಾಸ್‌ಪೋರ್ಟ್ ಬ್ರಿಟಿಷ್. ಅವಳ ಲೆಕ್ಕಕ್ಕೆ ರಾಣೆಬೆನ್ನೂರೇ ಪರದೇಶ. ಕನ್ನಡ ಬರುತ್ತದೆಯೋ ಇಲ್ಲವೋ ಎಂದು ನಾವು ಅನುಮಾನಿಸುತ್ತಿರುವಾಗಲೇ ನನ್ನನ್ನು ನೋಡಲು ನಿವೃತ್ತ ಮಾಸ್ತರರೊಬ್ಬರು ಬಾಗಿಲಿಗೆ ಬಂದರು. ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: ‘ಬಾ! ಕೂಡು! ಉಣ್ಣು!’

ಎಂಬತ್ತು ದಾಟಿದ ಮಾಸ್ತರರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಕಿವಿಗೊಟ್ಟು ಕೇಳಿದರೆ ಅವಳ ಹತ್ತಿರ ಇದ್ದ ಕನ್ನಡವೆಲ್ಲ ಅಪ್ಪಣೆಗಳೇ. ಏಳು, ಹಲ್ಲುಜ್ಜು, ಬೇಗ ತಿನ್ನು, ಅಳಬ್ಯಾಡ, ಮಲಕೋ. ಹಾಬ್ಸನ್-ಜಾಬ್ಸನ್ನಿನ ಪುಟ ತೆರೆದಂತಾಯಿತು. ಕ್ರಿಯಾಪದ ಕೇಳಿದರೆ ಸಂಬಂಧ ತಿಳಿಯುತ್ತದೆ ಎಂದು ಮೇಲೆ ಬರೆದೆನಲ್ಲ, ಅದಕ್ಕೊಂದು ತಿದ್ದುಪಡಿ ಬೇಕು. ಸಾಹೇಬನ ಅಪ್ಪಣೆಗಳು ಅವನೇ ಆಡಿದವು. ಈ ಹುಡುಗಿಯವು ಅವಳಿಗೆ ಆಡಿದವು. ತಣ್ಣನೆಯ ಒಂದು ಊರಿನಲ್ಲಿ ದಿನವೂ ಬೆಳಿಗ್ಗೆ ಒಬ್ಬ ತಾಯಿ ಕೆಲಸಕ್ಕೆ ಹೊತ್ತಾಯಿತೆಂದು ಓಡಾಡುತ್ತ ಮಗಳಿಗೆ ಹೇಳಿದ ಕನ್ನಡ ಅದು. ಅವಳ ಜೊತೆ ಕನ್ನಡ ಆಡುವವರು ಇಬ್ಬರೇ. ಇಬ್ಬರೂ ಅವಳಿಗಿಂತ ದೊಡ್ಡವರು. ದೊಡ್ಡವರಿಗೆ ಹೇಗೆ ಮಾತಾಡಬೇಕೆಂದು ಕೇಳಿ ಕಲಿಯಲು ಅಲ್ಲಿ ಒಬ್ಬ ಅಜ್ಜಿಯಿಲ್ಲ, ಓಣಿಯಿಲ್ಲ.

ಅವ್ವ ಆ ಕೊರತೆಯನ್ನು ಮೂರು ವಾರದಲ್ಲಿ ತುಂಬಿದಳು. ವ್ಯಾಕರಣ ಹೇಳಲಿಲ್ಲ. ‘ಕಡೀಗೆ ಒಂದು ರೀ ಹಚ್ಚು’ ಅಂದಳು ಅಷ್ಟೇ. ಬಾ ಅನ್ನುವುದು ಬರ್ರಿ ಆಯಿತು, ಕೂಡು ಕೂಡ್ರಿ ಆಯಿತು. ಹುಡುಗಿಗೆ ಅದು ಆಟವಾಗಿ ಹಿಡಿಸಿತು. ಹಾಲಿನವನಿಗೆ ರೀ, ಮಿರ್ಚಿ ಮಂಡಕ್ಕಿ ಅಂಗಡಿಯವನಿಗೆ ರೀ, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಘಾಟಿಗೆ ಸೀನುತ್ತ ‘ಸಾರಿ ರೀ’. ಎರಡನೇ ವಾರಕ್ಕೆ ಅವಳ ಇಂಗ್ಲಿಷಿನಲ್ಲಿ ರೀ ಇಲ್ಲದ ವಾಕ್ಯವೇ ಇರಲಿಲ್ಲ. ಅಪ್ಪನಿಗೆ ‘ನೋ ರೀ’, ಅಮ್ಮನಿಗೆ ‘ಥ್ಯಾಂಕ್ಯೂ ರೀ’, ಬೀದಿ ನಾಯಿಗೆ ‘ಗೋ ರೀ’.

ಲೀಡ್ಸಿಗೆ ಮರಳಿದ ವಾರ ವಿಡಿಯೊ ಕರೆ ಬಂತು. ಶಾಲೆಯಲ್ಲಿ ಹಾಜರಿ ಕೂಗುವಾಗ ಹುಡುಗಿ ‘ಯೆಸ್ ರೀ’ ಅಂದಿದ್ದಾಳೆ. ಟೀಚರು ಎರಡು ದಿನ ಸುಮ್ಮನಿದ್ದು, ಮೂರನೇ ದಿನ ತಾಯಿಯನ್ನು ಗೇಟಿನ ಹತ್ತಿರ ನಿಲ್ಲಿಸಿ, ಮಗು ದಿನಾ ನೆನೆಸುವ ಈ ‘ರೀ’ ಯಾರು, ಊರಲ್ಲಿ ಬಿಟ್ಟುಬಂದ ಗೆಳತಿಯೇ ಎಂದು ಕಾಳಜಿಯಿಂದ ಕೇಳಿದ್ದಾರೆ.

ನಾನು ಇದನ್ನು ಅವ್ವನ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತ ಮರುಕದಿಂದ ತಲೆ ಆಡಿಸಿದಳು.

‘ಅಯ್ಯ ಪಾಪ, ಆ ಟೀಚರಿಗೂ ನನ್ನಂಗ ಕಿವಿ ಮಂದ ಅದಾವೇನು?’